ಕಿವಿಗೂ ಎಣ್ಣೆ, ಅಂಗಾಲಿಗೂ ಎಣ್ಣೆ

ನಾಲ್ಕನೇ ಕ್ಲಾಸು ಮುಗಿಯುವಷ್ಟರಲ್ಲಿ ನನ್ನ ಕಿವಿಯೊಳಗೆ ಹೋದ ಎಣ್ಣೆಯನ್ನು ಯಾರಾದರೂ ವಾಪಸ್ಸು ತೆಗೆದಿದ್ದರೆ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಹೊಸದೊಂದು ಮಿರ್ಚಿ ಅಂಗಡಿ ತೆರೆಯಬಹುದಿತ್ತು. ಅದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಒಗ್ಗರಣೆಯೂ ಆಗಿಹೋಗಿತ್ತು, ಹಿಟ್ಟು ಕಲಸುವುದೊಂದೇ ಬಾಕಿ. ಬಿಸಿಲಲ್ಲಿ ನಿಂತರೆ ನನ್ನ ಬಲಕಿವಿಯಿಂದ ಸಾರಿನ ವಾಸನೆ ಬರುತ್ತಿತ್ತು. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿಗೆ ಪ್ರಾರ್ಥನೆ ಮುಗಿದ ಕೂಡಲೇ ಹಸಿವು ಶುರು.

ಎಣ್ಣೆ ಹಾಕಿಸುತ್ತಿದ್ದವರು ನಮ್ಮ ದೊಡ್ಡಪ್ಪ. ಇದು ಅವರ ಮೇಲಿನ ಸೇಡಿನ ಬರಹ ಎಂದು ಮೊದಲೇ ಹೇಳಿಬಿಡುತ್ತೇನೆ. ನಾನೀಗ ಪಿಯುಸಿ ಎರಡನೇ ವರ್ಷದಲ್ಲಿದ್ದೇನೆ. ಇಷ್ಟು ವರ್ಷವಾದರೂ ಆ ಸೇಡು ಉಪ್ಪಿನಕಾಯಿ ಜಾಡಿಯಲ್ಲಿ ಕೂತ ಮಾವಿನಹೋಳಿನ ಹಾಗೆ ಕೆಟ್ಟಿಲ್ಲ, ಕೊಳೆತಿಲ್ಲ. ದಿನಾ ಸ್ವಲ್ಪ ಬಡಿಸಿಕೊಳ್ಳುತ್ತೇನೆ.

ಕೊಟ್ಟೂರಿನಲ್ಲಿ ನಮ್ಮದು ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ. ಎರಡರ ನಡುವೆ ಬಾಗಿಲ ಚೌಕಟ್ಟು ಇದೆ, ಕದ ಇಲ್ಲ. ಹೀಗಾಗಿ ಅಂಗಡಿಯ ಮೆಣಸಿನಪುಡಿಗೆ ಮನೆಯವರು ಸೀನುತ್ತಾರೆ, ಮನೆಯ ಜಗಳಕ್ಕೆ ಗಿರಾಕಿಗಳು ತೀರ್ಪು ಕೊಡುತ್ತಾರೆ. ಅಂಗಡಿಯ ಯಜಮಾನರು ದೊಡ್ಡಪ್ಪ, ಮನೆಯ ಯಜಮಾನರೂ ಅವರೇ. ಅಪ್ಪ ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಅಣ್ಣನ ಎದುರು ಅಪ್ಪ ಬಾಯಿ ತೆರೆಯುತ್ತಿದ್ದುದು ಹಲ್ಲುಜ್ಜಲು ಮತ್ತು ಆಕಳಿಸಲು ಮಾತ್ರ. ದೊಡ್ಡಪ್ಪನ ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ಗದರಿಸಲು ಮನೆಯಲ್ಲಿ ಉಳಿದಿದ್ದವಳು ನಾನೊಬ್ಬಳೇ.

ನನಗೆ ಕಿವಿ ಕೇಳುತ್ತಿರಲಿಲ್ಲ. ಪೂರ್ತಿ ಕಿವುಡು ಅಂತಲ್ಲ, ಊರಿನ ಜನವೆಲ್ಲ ಬಾಯಿಗೆ ಕಂಬಳಿ ಸುತ್ತಿಕೊಂಡು ಮಾತಾಡಿದ ಹಾಗೆ. ಮೂಗು ಸದಾ ಕಟ್ಟಿರುತ್ತಿತ್ತು, ಬಾಯಿ ಸದಾ ತೆರೆದಿರುತ್ತಿತ್ತು. ಹಾಜರಿ ಕೂಗುವಾಗ ಯಾವುದು ನನ್ನ ಹೆಸರೆಂದು ತಿಳಿಯದೆ ಎಲ್ಲ ಹೆಸರಿಗೂ ‘ಎಸ್ ಮಿಸ್’ ಅನ್ನುತ್ತಿದ್ದೆ. ಕೂಡ್ಲಿಗಿಗೆ ಮದುವೆಗೆ ಹೋದವರು, ಜ್ವರ ಬಂದು ಮಲಗಿದವರು, ಶಾಲೆಯನ್ನೇ ಬಿಟ್ಟವರು, ಎಲ್ಲರೂ ನನ್ನ ದಯೆಯಿಂದ ಹಾಜರಾಗುತ್ತಿದ್ದರು. ಇಷ್ಟು ಉಪಕಾರ ಮಾಡಿದ್ದಕ್ಕೆ ನನಗೆ ಸಿಗುತ್ತಿದ್ದುದು ಬೆತ್ತದ ಏಟು.

ದೊಡ್ಡಪ್ಪನ ಪ್ರಕಾರ ನಾನು ಬೆಳಿಗ್ಗೆ ಕಿವುಡಿ, ಸಂಜೆ ಮೊಂಡಿ.

“ಕೇಳ್ತೈತಿ ಅಕೀಗೆ, ಎಲ್ಲಾ ಕೇಳ್ತೈತಿ,” ಅನ್ನುತ್ತಿದ್ದರು ಗಿರಾಕಿಗಳ ಎದುರು. “ತಿನ್ನಾಕ ಕರದ್ರ ಓಡಿ ಬರ್ತಾಳ. ಕೆಲಸ ಹೇಳಿದ್ರ ಕಿವುಡು.”

ತಿನ್ನಲು ಕರೆದಾಗ ತಟ್ಟೆ ಕಣ್ಣಿಗೆ ಕಾಣುತ್ತಿತ್ತು. ಕೆಲಸ ಕಣ್ಣಿಗೆ ಕಾಣುವುದಿಲ್ಲ. ಇಷ್ಟು ಸಣ್ಣ ವಿಷಯ ಅಷ್ಟು ದೊಡ್ಡ ತಲೆಗೆ ಹೊಳೆಯಲಿಲ್ಲ.

ಎಣ್ಣೆಯ ಜೊತೆಗೆ ಬಂಧುಗಳ ವೈದ್ಯವೂ ನಡೆಯುತ್ತಿತ್ತು. ಕೂಡ್ಲಿಗಿಯಿಂದ ಬಂದವರೊಬ್ಬರು ಈರುಳ್ಳಿ ರಸ ಹಿಂಡಿದರು. ಆ ಕಿವಿ ಅತ್ತಿತು, ಕೇಳಲಿಲ್ಲ. ಹಲವಾಗಲಿನವರೊಬ್ಬರು ಹೊಳೆಯ ಮರಳು ತಂದು, ಬಿಸಿ ಮಾಡಿ, ಗಂಟು ಕಟ್ಟಿ, ನನ್ನ ಕೆನ್ನೆಯ ಮೇಲೆ ಇಸ್ತ್ರಿ ಹಾಕಿದರು. ಊರೂರಿಗೆ ಮಲ್ಲಿಗೆ ಕಳಿಸುವ ಹಡಗಲಿಯವರೇ ಒಬ್ಬರು ಬಂದು, “ಇದಕ್ಕ ಹೂವು ಮುಡಿಸಬ್ಯಾಡ್ರಿ, ತಂಪು ಕಿವಿಗಿ ಇಳೀತೈತಿ,” ಎಂದು ನನ್ನ ಜಡೆಯನ್ನೂ ಬೋಳು ಮಾಡಿ ಹೋದರು. ಬಂದವರೆಲ್ಲ ಕಿವಿಗೆ ಏನು ಹಾಕಬೇಕು ಎಂದು ಹೇಳಿದರು. ಕಿವಿ ಯಾಕೆ ಹೀಗಾಯಿತು ಎಂದು ಒಬ್ಬರೂ ಕೇಳಲಿಲ್ಲ.

ದೊಡ್ಡಪ್ಪನ ದೊಡ್ಡ ಔಷಧ ಬೇರೆಯೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಅಂಗಡಿಯವರು ಲೋಬಾನ ಹಾಕುವುದು ನಮ್ಮ ಕಡೆ ಇದ್ದದ್ದೇ. ಬೇರೆ ಅಂಗಡಿಗಳಲ್ಲಿ ಅದು ಒಂದು ಸುತ್ತು ಹೊಗೆ. ನಮ್ಮ ದೊಡ್ಡಪ್ಪನದು ರೈಲು ಎಂಜಿನ್. ಕಬ್ಬಿಣದ ಬಟ್ಟಲಲ್ಲಿ ಕರಟದ ಕೆಂಡ, ಅದರ ಮೇಲೆ ಮುಷ್ಟಿಗಟ್ಟಲೆ ಲೋಬಾನ, ಕೈಯಲ್ಲಿ ಬೀಸಲು ಬಿಸ್ಕತ್ತು ಡಬ್ಬದ ರಟ್ಟು. ಮೊದಲು ತಕ್ಕಡಿಗೆ, ಆಮೇಲೆ ಗಲ್ಲಾಪೆಟ್ಟಿಗೆಗೆ, ಆಮೇಲೆ ಅಕ್ಕಿ ಮೂಟೆಗಳಿಗೆ, ಆಮೇಲೆ ದೇವರಿಗೆ, ಕೊನೆಗೆ ನನಗೆ. ನನ್ನನ್ನು ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ದುಪ್ಪಟಿ ಹೊದಿಸಿ, ಬಟ್ಟಲನ್ನು ಒಳಗೆ ತಳ್ಳುತ್ತಿದ್ದರು.

“ಕಿವ್ಯಾಗ ಶೀತ ಕುಂತೈತಿ. ಹೊಗಿ ಹೋದ್ರ ಓಡ್ತೈತಿ. ಉಸಿರು ಎಳಿಯಲೇ, ಗಟ್ಟಿ ಎಳಿ!”

ಶೀತ ಓಡಲಿಲ್ಲ. ನಮ್ಮ ಮನೆಯ ಸೊಳ್ಳೆಗಳು ಓಡಿದವು, ಇಲಿಗಳು ಓಡಿದವು, ಒಂದು ಸಂಜೆ ಬೆಂಕಿ ಬಿದ್ದಿದೆಯೆಂದು ಎದುರುಮನೆಯವರು ಕೊಡ ಹಿಡಿದು ನಮ್ಮ ಕಡೆಗೇ ಓಡಿಬಂದರು. ನನ್ನ ಹಾಸಿಗೆಯೂ ಅಂಗಡಿ ಬಾಗಿಲ ಪಕ್ಕದಲ್ಲೇ ಇದ್ದುದರಿಂದ ಉಳಿದ ಹೊಗೆಯೆಲ್ಲ ನನ್ನದೇ. ಮರುದಿನ ಮೂಗು ಇನ್ನಷ್ಟು ಕಟ್ಟುತ್ತಿತ್ತು. ಮೂಗು ಕಟ್ಟಿದೆ ಎಂದು ಮರುದಿನ ಇನ್ನಷ್ಟು ಲೋಬಾನ ಬೀಳುತ್ತಿತ್ತು.

ಪರೀಕ್ಷೆ ಮುಗಿದ ಮೇಲೆ ದೊಡ್ಡಪ್ಪ ಅವ್ವನಿಗೆ ತೀರ್ಮಾನ ಹೇಳಿದರು. ನನಗೆ ಆಗ ಕೇಳಿಸಲಿಲ್ಲ. ಬಚ್ಚಲಲ್ಲಿ ನನ್ನ ತಲೆಗೆ ನೀರು ಹಾಕುವಾಗ ಅವ್ವ ಕಿವಿಗೆ ಬಾಯಿಟ್ಟು, ಎರಡೂ ಕಡೆಯ ದನಿ ತೆಗೆದು, ಪೂರ್ತಿ ಮಾತುಕತೆ ಒಪ್ಪಿಸಿದಳು.

“ನೋಡವಾ, ಈಕಿ ತಲಿಗೆ ಸಾಲಿ ಹತ್ತಂಗಿಲ್ಲ. ಜೂನ್‌ದಾಗ ತಂಬ್ರಹಳ್ಳಿಗೆ ಕಳಸೋಣು. ತಂಗಿ ಮನ್ಯಾಗ ಕೂಸು ಐತಿ, ಆಡಿಸ್ಕೊಂತ ಇರ್ತಾಳ.”

“ಕೂಸು ಅತ್ರ ಈಕೀಗೆ ಕೇಳಬೇಕಲ್ರಿ, ಭಾವಾರ?”

“ನನ್ನ ತಂಗಿ ಕೂಸು ಅತ್ರ ಹರಪನಹಳ್ಳಿ ತನಕಾ ಕೇಳ್ತೈತಿ.”

ಅದು ನಿಜ. ತಂಬ್ರಹಳ್ಳಿಯ ಅತ್ತೆಯ ದನಿಯೂ ಹಾಗೆಯೇ. ಆ ದಿನಗಳಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದ ಮನುಷ್ಯದನಿ ಅದೊಂದೇ, ಅದೂ ಆಕೆ ಬಸ್ಸಿನಲ್ಲಿರುವಾಗಲೇ. ಆದರೆ ಆ ದಿನ ನನಗೆ ನಗು ಬರಲಿಲ್ಲ. ಅವ್ವ ಕೊಟ್ಟೂರಿನಲ್ಲಿ, ನಾನು ತಂಬ್ರಹಳ್ಳಿಯಲ್ಲಿ, ಶಾಲೆಯ ಚೀಲ ಗೋಡೆಯ ಗೂಡಿನಲ್ಲಿ. ಅವ್ವ ಹಾಕುತ್ತಿದ್ದ ನೀರು ಬಿಸಿಯಾಗಿಯೇ ಇತ್ತು, ನಾನು ನಡುಗುತ್ತಿದ್ದೆ.

ಡಾಕ್ಟರರ ಮಾತೆತ್ತಿದರೆ ದೊಡ್ಡಪ್ಪ, “ಕಿವಿ ಕೊಯ್ದು ಕೈಯಾಗ ಕೊಡ್ತಾರ,” ಅನ್ನುತ್ತಿದ್ದರು. ಅದಕ್ಕೇ ಅವ್ವ ದೇವರ ಮಾತೆತ್ತಿದಳು. ಉಚ್ಚಂಗೆಮ್ಮನಿಗೆ ಹರಕೆ ಐತಿ, ಹುಡುಗಿಯನ್ನು ಕರೆದುಕೊಂಡು ಹೋಗಿಬರುತ್ತೇನೆ ಎಂದಳು.

“ಹೋಗಿ ಬಾ,” ಅಂದರು ದೊಡ್ಡಪ್ಪ. “ದೇವ್ರ ಕೈಲಾದ್ರೂ ಎರಡು ಏಟು ತಿನ್ಲಿ.”

ಉಚ್ಚಂಗಿದುರ್ಗಕ್ಕೆ ಹೋಗಲು ನಮಗೆ ಹರಪನಹಳ್ಳಿಯಲ್ಲಿ ಬಸ್ಸು ಬದಲಾಯಿಸಬೇಕು. ಅವ್ವ ಬಸ್ಸಿನ ಜೊತೆ ದಾರಿಯನ್ನೂ ಬದಲಾಯಿಸಿ ನನ್ನನ್ನು ಒಂದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ದಾವಣಗೆರೆಯಿಂದ ವಾರಕ್ಕೊಮ್ಮೆ ಅಲ್ಲಿಗೆ ಕಿವಿ-ಮೂಗಿನ ಡಾಕ್ಟರಮ್ಮ ಬರುತ್ತಿದ್ದರು. ಅವರು ನನ್ನ ಕಿವಿಯೊಳಗೆ ದೀಪ ಬಿಟ್ಟು ನೋಡಿ ಕೇಳಿದ ಮೊದಲ ಪ್ರಶ್ನೆ, “ಏನಮ್ಮಾ, ಇದು ಕಿವಿನೋ ಗಾಣನೋ?”

ಎಣ್ಣೆ, ಹತ್ತಿ, ಬೆಳ್ಳುಳ್ಳಿಯ ಸಿಪ್ಪೆ, ಒಂದೊಂದಾಗಿ ಹೊರಗೆ ಬಂದವು. ಇನ್ನು ಸ್ವಲ್ಪ ಹುಡುಕಿದ್ದರೆ ಅಡಕೊತ್ತೂ ಸಿಗುತ್ತಿತ್ತೇನೋ. ಆಮೇಲೆ ಕಿವಿಗೆ ಒಂದು ಯಂತ್ರ ಹಿಡಿದು ನೋಡಿದರು. ಡಾಕ್ಟರಮ್ಮ ಜೋರಾಗಿ, ನನ್ನ ಮುಖ ನೋಡಿಯೇ ಮಾತಾಡುತ್ತಿದ್ದರು; ಹಾಗಾಗಿ ಬಹಳಷ್ಟು ನನಗೂ ಸಿಕ್ಕಿತು.

“ಕಿವಿ ಕೇಳಲ್ಲ ಅಂತ ಕಿವಿಗೆ ಎಣ್ಣೆ ಹಾಕಿದ್ರಿ. ಯಾಕೆ ಕೇಳಲ್ಲ ಅಂತ ನೋಡಿದ್ರಾ?”

“ಇಲ್ರೀ ಮೇಡಂ,” ಅಂದಳು ಅವ್ವ.

“ಪರದೆ ಹಿಂದೆ ನೀರು ನಿಂತೈತೆ. ಅದ್ಯಾಕೆ ನಿಲ್ತು? ಕಿವಿಯಿಂದ ಮೂಗಿನ ಹಿಂದಕ್ಕೆ ಒಂದು ಸಣ್ಣ ದಾರಿ ಐತೆ, ಅದು ಕಟ್ಟೈತೆ. ಅದ್ಯಾಕೆ ಕಟ್ತು? ಮೂಗಿನ ಹಿಂದಿನ ಮಾಂಸ ಊದೈತೆ. ಅದ್ಯಾಕೆ ಊದ್ತು?”

ಅವ್ವ ಹದಿನೇಳರ ಮಗ್ಗಿ ಕೇಳಿಸಿಕೊಂಡವಳ ಹಾಗೆ ನಿಂತಳು. “ನೀವ ಹೇಳ್ರಿ.”

ಡಾಕ್ಟರಮ್ಮ ಬಗ್ಗಿ ನನ್ನ ತಲೆಯನ್ನು ಮೂಸಿದರು. ಮನುಷ್ಯರನ್ನು ಮೂಸಿ ನೋಡುವ ಡಾಕ್ಟರನ್ನು ನಾನು ಅದೇ ಮೊದಲು ಕಂಡದ್ದು.

“ಈ ಹುಡುಗಿ ತಲೆ ಯಾಕೆ ಗುಡಿ ಕಂಬದ ಹಂಗೆ ವಾಸನೆ ಹೊಡೀತೈತೆ?”

ಅವ್ವ ಲೋಬಾನದ ಕತೆ ಹೇಳಿದಳು. ಮಣೆ, ದುಪ್ಪಟಿ, ಬಟ್ಟಲು, ರಟ್ಟು. ಕೇಳುತ್ತಾ ಕೇಳುತ್ತಾ ಡಾಕ್ಟರಮ್ಮನ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಕುಣಿಯತೊಡಗಿತು.

“ಮಗು ಮಲಗೋ ಕಡೆ, ಉಸಿರಾಡೋ ಕಡೆ ಹೊಗೆ ಬರಬಾರದು. ಲೋಬಾನ, ಸೊಳ್ಳೆಬತ್ತಿ, ಬೀಡಿ, ಯಾವುದೂ. ಎಣ್ಣೆ ಬಂದ್. ಮೂಗಿಗೆ ಈ ಔಷಧ. ದಿನಾ ಬಲೂನು, ಅದೇ ಪುಗ್ಗಾ, ಊದಿಸ್ರಿ.”

“ಊದ್ತಾಳ್ರಿ, ಬಾಯಿ ಜೋರೈತಿ.”

“ಬಾಯಿಂದಲ್ಲ. ಮೂಗಿಂದ.”

ಅವರು ನಗಲಿಲ್ಲ. ಮೂಗಿನ ಒಂದು ಹೊಳ್ಳೆಯಿಂದ ಊದಿದರೆ ಆ ಸಣ್ಣ ದಾರಿ ತೆರೆಯಲು ಸಹಾಯವಾಗುತ್ತದಂತೆ. ಮಳೆಗಾಲದ ಹೊತ್ತಿಗೆ ಮತ್ತೆ ತೋರಿಸಬೇಕು, ನೀರು ಇಳಿಯದಿದ್ದರೆ ಬೇರೆ ದಾರಿ ನೋಡೋಣ ಎಂದರು.

ಅವ್ವ ಸುಳ್ಳು ಹೇಳುವವಳಲ್ಲ. ಆದ್ದರಿಂದ ಆ ಉರಿಬಿಸಿಲಲ್ಲಿ ಉಚ್ಚಂಗಿದುರ್ಗಕ್ಕೂ ಹೋಗಿ ಗುಡ್ಡ ಹತ್ತಿದೆವು. ಅಮ್ಮನ ಎದುರು ಅವ್ವ ಕೈಮುಗಿದು ಬಹಳ ಹೊತ್ತು ಏನೋ ಹೇಳಿದಳು, ಆಮೇಲೆ ತಾನೇ ಕೆನ್ನೆ ಬಡಿದುಕೊಂಡಳು. ಏನು ಬೇಡಿಕೊಂಡೆ ಎಂದು ಕೇಳಿದೆ. ನನ್ನ ಕಿವಿಗೆ ಬಾಯಿಟ್ಟಳು.

“ನಿಮ್ಮ ದೊಡ್ಡಪ್ಪನ ಕಾಲಾಗ ಮುಳ್ಳು ಮುರೀಲಿ ಅಂದೆ. ಅಂದಮ್ಯಾಲೆ ತಪ್ಪಾತು ತಾಯಿ ಅಂದೆ.”

“ಯಾವ್ದು ಮೊದ್ಲು ಕೇಳಿಸಿರ್ತೈತಬೇ ಆ ತಾಯಿಗೆ?”

“ಮುಳ್ಳಿನ ಮಾತು,” ಅಂದಳು ಅವ್ವ, ಸ್ವಲ್ಪ ಸಮಾಧಾನದಿಂದ.

ಆ ಬೇಸಿಗೆಯಲ್ಲಿ ಅವ್ವ ಒಣಗಿಸದ ವಸ್ತು ನಮ್ಮ ಮನೆಯಲ್ಲಿ ಉಳಿಯಲಿಲ್ಲ. ಲೋಬಾನದ ಹೊತ್ತಾಯಿತೆಂದರೆ ನನ್ನ ಕೈ ಹಿಡಿದು ಮಾಳಿಗೆ ಹತ್ತುತ್ತಿದ್ದಳು. ಮೆಣಸಿನಕಾಯಿ ತೆಗೀಬೇಕು, ಹಪ್ಪಳ ತಿರುವಬೇಕು, ಸಂಡಿಗೆ ಮೇಲೆ ಕಾಗೆ ಕೂತಿದೆ. ಕೊನೆಕೊನೆಗೆ ಒಣಗಿದ್ದನ್ನೇ ಮತ್ತೆ ಒಣಗಿಸುತ್ತಿದ್ದಳು. ಆ ವರ್ಷದ ನಮ್ಮ ಹಪ್ಪಳ ಕರಿಯುವ ಮೊದಲೇ ಪುಡಿಯಾಗುತ್ತಿತ್ತು. “ಈ ಕಿವುಡಿ ಎಲ್ಲಿ?” ಎಂದು ದೊಡ್ಡಪ್ಪ ಕೆಳಗಿನಿಂದ ಕೂಗಿದರೆ, “ಕಾಗಿ ಕಾಯಾಕ ಹತ್ಯಾಳ್ರಿ,” ಎಂದು ಅವ್ವ ಮೇಲಿನಿಂದ. ನನ್ನ ಹಾಸಿಗೆ ಅಡುಗೆಮನೆಯ ಆಚೆ, ಅವ್ವನ ಪಕ್ಕಕ್ಕೆ ಬಂತು. “ದೊಡ್ಡಾಕಿ ಆಗ್ಯಾಳ, ಅಂಗಡಿ ಬಾಗಿಲಾಗ ಮಲಗಬಾರ್ದು,” ಎಂದು ದೊಡ್ಡಮ್ಮನೇ ಒಪ್ಪಿದಳು.

ಮಾಳಿಗೆಯ ಮೇಲೆ ನಾನು ಮೂಗಿನಿಂದ ಪುಗ್ಗಾ ಊದುತ್ತಿದ್ದೆ. ಮೊದಲ ವಾರ ಪುಗ್ಗಾ ಅಲ್ಲಾಡಲಿಲ್ಲ, ನನ್ನ ಕಣ್ಣುಗುಡ್ಡೆಗಳು ಮಾತ್ರ ದೊಡ್ಡದಾದವು. ಆಮೇಲೆ ನಿಂಬೆಹಣ್ಣಿನಷ್ಟು, ಆಮೇಲೆ ಮೋಸಂಬಿಯಷ್ಟು. ಪಕ್ಕದ ಮಾಳಿಗೆಯ ಮುದುಕಿ ಒಂದು ಸಂಜೆ ನನ್ನನ್ನು ನೋಡಿದಳು: ಬೋಳು ಜಡೆ, ಕೆಂಪು ಮುಖ, ಮೂಗಿನಿಂದ ಹೊರಟ ಹಳದಿ ಗೋಳ. ಆಕೆ ಕೈಲಿದ್ದ ಮೊರ ಅಲ್ಲೇ ಬಿಟ್ಟು ಇಳಿದವಳು ಆ ಬೇಸಿಗೆಯಲ್ಲಿ ಮತ್ತೆ ಮಾಳಿಗೆ ಹತ್ತಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಒಂದು ಸಂಜೆ ಹೀಗೆ ಊದುವಾಗ ತಲೆಯೊಳಗೆ ಹಪ್ಪಳ ಮುರಿದ ಹಾಗೆ ಚಟ್ ಎಂದಿತು. ಆಮೇಲೆ ಕಂಬಳಿ ಸರಿಯಿತು. ಪಾರಿವಾಳದ ರೆಕ್ಕೆ. ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರ್ನು. ಯಾರೋ ಅಕ್ಕಿ ಕೇರುವ ಸದ್ದು. ಅವ್ವ ಮೆಣಸಿನಕಾಯಿ ಬಾಚುತ್ತಿದ್ದಳು. ಬಳೆ ಸದ್ದು ಮಾಡುತ್ತಿತ್ತು. ಬಳೆಗೆ ಸದ್ದಿದೆ ಎನ್ನುವುದೇ ನನಗೆ ಮರೆತುಹೋಗಿತ್ತು.

ಅಳಬೇಕು ಅನ್ನಿಸಿತು. ಅಷ್ಟರಲ್ಲಿ ಕೆಳಗಿನಿಂದ ದೊಡ್ಡಪ್ಪನ ದನಿ, ಗಿರಾಕಿಯೊಬ್ಬರ ಜೊತೆ.

“ನಮ್ಮ ಕಿವುಡೀನ ಮುಂದಿನ ತಿಂಗಳ ತಂಬ್ರಹಳ್ಳಿಗೆ ದಾಟಿಸ್ತೀನಿ. ಓದಿಸಿ ಏನು ಉಪಯೋಗೈತಿ? ಕಲ್ಲಿಗೆ ಮಂತ್ರ ಹೇಳಿದಂಗ.”

ಹೊಸ ಕಿವಿಗೆ ಬಿದ್ದ ಮೊದಲ ಪೂರ್ತಿ ಮಾತು ಅದು. ಅಳು ಅಲ್ಲೇ ಒಣಗಿತು, ಮಾಳಿಗೆಯ ಮೇಲಿನ ಬೇರೆಲ್ಲದರ ಹಾಗೆ. ಅದರ ಜಾಗದಲ್ಲಿ ಸೇಡು ಬಂದು ಕಾಲು ಚಾಚಿ ಕೂತಿತು.

ಅವ್ವನಿಗೆ ಹೇಳಿದೆ. ಆಕೆ ಹಿಂದೆ ತಿರುಗಿ ನಿಂತು ಪಿಸುಪಿಸು ಎಂದು ನನ್ನ ಹೆಸರು ಹೇಳಿದಳು. ‘ಓ’ ಎಂದೆ. ಮತ್ತೆ ಹೇಳಿದಳು, ಮತ್ತೆ ‘ಓ’ ಎಂದೆ. ಸೆರಗಿನಿಂದ ಮೂಗು ಒರೆಸಿಕೊಂಡು, ಮೆಣಸಿನಕಾಯಿ ಮುಟ್ಟಿದ ಕೈಯೆಂಬುದು ನೆನಪಾಗದೆ ಇನ್ನಷ್ಟು ಅತ್ತು, ಆಮೇಲೆ ಹೇಳಿದಳು:

“ಈಗ ಯಾರ ಮುಂದೂ ಬಾಯಿ ಬಿಡಬ್ಯಾಡ. ಡಾಕ್ಟರಮ್ಮ ಇನ್ನೊಮ್ಮೆ ನೋಡ್ಲಿ. ಈಗ ಹೇಳಿದ್ರ ಲೋಬಾನದಿಂದಾನ ಆರಾಮಾತು ಅಂತಾರ. ದಿನಾ ಎರಡು ಬಟ್ಟಲ ಹಾಕ್ತಾರ.”

ಹೀಗೆ ನಾನು ಕೇಳಿಸಿಯೂ ಕೇಳಿಸದವಳಾದೆ. ಕಿವುಡರ ಎದುರು ಜನ ಎಷ್ಟು ಆರಾಮಾಗಿ ಮಾತಾಡುತ್ತಾರೆ! ಅಪ್ಪ ಗಡ್ಡ ಬೋಳಿಸುವಾಗ ಕನ್ನಡಿಯಲ್ಲಿ ಅಣ್ಣನನ್ನು ಬೈಯುತ್ತಿದ್ದ. “ನನ್ನ ಮಗಳ ವಿಷಯ ನೀ ಯಾರು ಹೇಳಾಕ?” ಎಂದು ಬ್ಲೇಡು ಎತ್ತಿ ಹೇಳಿ, ಹೊರಗೆ ಬಂದು “ಹೋಗಿ ಬರ್ತೀನಣ್ಣ” ಎಂದು ಬಸ್ಸು ಹಿಡಿಯುತ್ತಿದ್ದ. ದೊಡ್ಡಮ್ಮ ರೊಟ್ಟಿ ಬಡಿಯುವಾಗ ಹಾಡುತ್ತಿದ್ದಳು. ದನಿ ಎಷ್ಟು ಚೆನ್ನಾಗಿತ್ತೆಂದರೆ ನಾನು ಒಂದೆರಡು ಸಲ ತಲೆದೂಗಿ ಸಿಕ್ಕಿಬೀಳುವುದರಲ್ಲಿದ್ದೆ.

ದೊಡ್ಡಪ್ಪನದೂ ಒಂದು ಕಾಯಿಲೆ ಇತ್ತು. ಅಂಗಾಲು ಉರಿ. ದಿನಾ ಊಟಕ್ಕೆ ಮೊದಲು ಅವರು ಪಡಸಾಲೆಯಲ್ಲಿ ಕಾಲು ಚಾಚುವುದು, ದೊಡ್ಡಮ್ಮ ಹರಳೆಣ್ಣೆ ಹಚ್ಚಿ ಕಂಚಿನ ಬಟ್ಟಲಿನಿಂದ ಗಸಗಸ ತಿಕ್ಕುವುದು. ಉಷ್ಣ ಅಂದರು, ಈರುಳ್ಳಿ ಉಜ್ಜಿದರು. ಚಪ್ಪಲಿಯ ದೋಷ ಅಂದರು, ಚಪ್ಪಲಿ ಬದಲಾಯಿಸಿದರು. ತಂಪಿಗೆಂದು ಮದರಂಗಿ ಮೆತ್ತಿದರು. ಕೆಲವು ದಿನ ದೊಡ್ಡಪ್ಪ ಮೇಲೆ ಯಜಮಾನರು, ಕೆಳಗೆ ಮದುಮಗಳು. ತಿಕ್ಕಿ ತಿಕ್ಕಿ ದೊಡ್ಡಮ್ಮನ ಮಣಿಕಟ್ಟು ಊದಿಕೊಂಡಿತ್ತು. ಅದಕ್ಕೂ ಅದೇ ಎಣ್ಣೆ.

ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಅಕ್ಕಿ ಮೂಟೆಯ ಮೇಲೆ ಕೂತಿದ್ದೆ. ದೊಡ್ಡಪ್ಪನಿಗೆ ಹಡಗಲಿಯ ಗೆಳೆಯರ ಫೋನು ಬಂತು. ಅವರು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಬೆಲ್ಲದ ಪೆಂಟೆಯ ಮೂಲೆ ಮುರಿದು ಬಾಯಿಗೆ ಹಾಕಿಕೊಂಡರು.

“ಹ್ಞೂಂ ಮಾರಾಯ. ಹೋದ ವರ್ಷ ನಿನ್ನ ಜೋಡಿ ರಕ್ತ ಕೊಟ್ಟಿದ್ನಲ್ಲ, ಅವಾಗ್ಲೇ ಹೇಳ್ಯಾರ, ಸಕ್ಕರಿ ಕಾಯಿಲಿ ಐತಿ ಅಂತ. … ಮನ್ಯಾಗ ಯಾಕ ಹೇಳ್ಲಿ? 
ಹೇಳಿದ್ರ ಬೆಲ್ಲ ಬಂದ್, ಅನ್ನ ಬಂದ್, ತಾಟಿನ್ಯಾಗ ಬರೇ ಸೊಪ್ಪು. ನಾ ಏನು ಆಡನ? … ಗುಳಿಗಿ ಅದಾವು ಬಿಡು, ಗಲ್ಲಾಪೆಟ್ಟಿಗಿ ಹಿಂದ. ನುಂಗಿಲ್ಲ. … ಕಾಲುರಿ ಅದರಿಂದಾನ ಅಂತ. ಇರ್ಲಿ ಬಿಡು, ನಮ್ಮಾಕಿ ದಿನಾ ತಿಕ್ತಾಳ, ಹಾಯ್ ಅನಸ್ತೈತಿ.” ಮತ್ತೊಂದು ಮೂಲೆ ಮುರಿಯಿತು. “ಏ, ಇಲ್ಲಿ ಯಾರೂ ಇಲ್ಲ. ಕಿವುಡಿ ಕುಂತಾಳ, ಅಷ್ಟ.”

ನಾನು ಮೂಟೆಯ ಮೇಲೆ ಕಾಲು ಆಡಿಸುತ್ತಾ ಹಲ್ಲಿಯನ್ನು ನೋಡುತ್ತಿದ್ದೆ. ಬೇರೆ ಯಾರಾದರೂ ಒಳ್ಳೆಯ ಹುಡುಗಿಯಾಗಿದ್ದರೆ ಓಡಿಹೋಗಿ ದೊಡ್ಡಮ್ಮನಿಗೆ ಹೇಳುತ್ತಿದ್ದಳು. ನಾನು ಹೇಳಲಿಲ್ಲ. ಅವರ ಆರೋಗ್ಯದ ಯೋಚನೆ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ನನ್ನನ್ನು ಮೊಂಡಿ ಅಂದವರು, ನನಗೆ ಹೊಗೆ ಹಾಕಿದವರು, ತಮ್ಮ ಕಾಯಿಲೆಯ ಬೇರು ಗೊತ್ತಿದ್ದೂ ಅದಕ್ಕೆ ದಿನಾ ಬೆಲ್ಲದ ನೀರು ಹಾಕಿ ಬೆಳೆಸುತ್ತಿದ್ದರು. ಆ ಮಾತನ್ನು ಇಡಿಯಾಗಿ, ಕೆಮ್ಮು ಸಮೇತ, ಒಳಗೆ ಇಟ್ಟುಕೊಂಡೆ.

ಅವ್ವ ಅಷ್ಟರಲ್ಲಿ ಇನ್ನೊಂದು ಹರಕೆ ನೆನಪಿಸಿಕೊಂಡಳು. ಹರಪನಹಳ್ಳಿಯಲ್ಲಿ ಡಾಕ್ಟರಮ್ಮ ಯಂತ್ರ ಹಿಡಿದು ನೋಡಿ, ನೀರು ಇಳಿದಿದೆ ಎಂದರು. “ಹೊಗೆ ಮತ್ತೆ ಶುರುವಾದ್ರೆ ಇದೂ ಮತ್ತೆ ಬರಬಹುದು. ಮನೆಯವರಿಗೆ ಹೇಳಿದೀರಾ?” ಅವ್ವ ನೆಲ ನೋಡಿದಳು. ಅಂದು ನಾವು ಮತ್ತೆ ಗುಡ್ಡ ಹತ್ತಿದೆವು. ಈ ಸಲ ಏನು ಬೇಡಿಕೊಂಡಳೆಂದು ದೂರದಿಂದಲೇ ಕೇಳಿಸಿತು. ಮುಳ್ಳಿನ ಮಾತು ಬರಲಿಲ್ಲ. ಮಗಳು ತನ್ನ ಹತ್ತಿರ ಇರಲಿ ಎಂದಷ್ಟೇ ಕೇಳಿದಳು.

ಶಾಲೆ ಶುರುವಾಗುವ ಮುಂಚಿನ ಭಾನುವಾರ ತಂಬ್ರಹಳ್ಳಿಯ ಅತ್ತೆ ಅಳುವ ಕೂಸನ್ನು ಎತ್ತಿಕೊಂಡು ನನ್ನನ್ನು ಕರೆದೊಯ್ಯಲು ಬಂದಳು. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ನನ್ನ ಬಟ್ಟೆಯ ಚೀಲ ಆಗಲೇ ಬಾಗಿಲ ಹತ್ತಿರವಿತ್ತು. ದೊಡ್ಡಪ್ಪ ಕಾಲು ಚಾಚಿದ್ದರು, ದೊಡ್ಡಮ್ಮ ತಿಕ್ಕುತ್ತಿದ್ದಳು. ಅಪ್ಪ ಕಂಬಕ್ಕೆ ಒರಗಿದ್ದ. ನಾನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕಡಲೆ ಆರಿಸುತ್ತಿದ್ದೆ.

“ಏನು ಕೇಳೋದೈತಿ ಕೇಳು ತಂಗಿ,” ಅಂದರು ದೊಡ್ಡಪ್ಪ. “ಅಕೀಗೇನು ಕೇಳಂಗಿಲ್ಲ.”

ಅತ್ತೆ ತನ್ನ ಜೀವಮಾನದಲ್ಲೇ ಮೊದಲ ಸಲ ದನಿ ತಗ್ಗಿಸಿದಳು. “ಅಣ್ಣಾ, ಊಟ ಭಾಳ ಮಾಡ್ತಾಳೇನು?”

“ಎರಡು ರೊಟ್ಟಿ, ಅತ್ತಿ,” ಅಂದೆ ಗೋಡೆಗೆ. “ಪಲ್ಯ ಚಲೋ ಇದ್ರ ಮೂರು.”

ಕಂಚಿನ ಬಟ್ಟಲಿನ ಗಸಗಸ ನಿಂತಿತು. ಅತ್ತೆಯ ಕೂಸು ಕೂಡ ಅಳುವುದನ್ನು ಮರೆಯಿತು.

“ಯಾರೋ ಹೇಳಿಕೊಟ್ಟಾರ,” ಅಂದರು ದೊಡ್ಡಪ್ಪ. ಎದ್ದು, ಎಣ್ಣೆಗಾಲಿನಲ್ಲಿ ಜಾರುತ್ತಾ ಅಂಗಡಿಯೊಳಗೆ ಹೋಗಿ, ದೂರದ ಮೂಲೆಯಲ್ಲಿ ನಿಂತು ಪಿಸುಗುಟ್ಟಿದರು. “ಉಪ್ಪು.”

“ಉಪ್ಪು,” ಅಂದೆ.

“ಜೀರಿಗಿ.”

“ಜೀರಿಗಿ.”

“ತೊಗರಿಬ್ಯಾಳಿ… ಲೇ, ಹೆಂಗ ಕೇಳಾಕ ಹತ್ತೈತಿ ನಿನಗ?” ದನಿಯಲ್ಲಿ ಸಂತೋಷವಿತ್ತೋ ಸೋಲಿತ್ತೋ ಗೊತ್ತಾಗಲಿಲ್ಲ. ಆದರೆ ಮರುಕ್ಷಣ ಅವರೇ ಕೂಗಿದರು, “ನೋಡ್ರಿ, ನಾ ಹೇಳಿಲ್ಲ? ಲೋಬಾನ! ಎಲ್ಲಾ ಲೋಬಾನದ ಪ್ರಭಾವ!”

ಅಲ್ಲಿಗೆ ನನ್ನ ಜಾಡಿಯ ಮುಚ್ಚಳ ಹಾರಿತು.

“ದೊಡ್ಡಪ್ಪಾ, ಅಲ್ಲೇ ನಿಂದರ್ರಿ. ಈಗ ನಿಮ್ಮ ಸರದಿ. ನಾ ಸಣ್ಣ ದನಿಲೇ ಹೇಳ್ತೀನಿ, ಕೇಳ್ತೈತಾ ನೋಡ್ರಿ.” ಎದ್ದು ನಿಂತೆ. ಅವರದೇ ದನಿ, ಅವರದೇ ಕೆಮ್ಮು, ನಡುನಡುವೆ ಬೆಲ್ಲ ಅಗಿಯುವ ಸದ್ದು. “ಹ್ಞೂಂ ಮಾರಾಯ. ಹೋದ ವರ್ಷ ನಿನ್ನ ಜೋಡಿ ರಕ್ತ ಕೊಟ್ಟಿದ್ನಲ್ಲ…”

ಪೂರ್ತಿ ಒಪ್ಪಿಸಿದೆ. ಸೊಪ್ಪು, ಆಡು, ಗಲ್ಲಾಪೆಟ್ಟಿಗೆಯ ಹಿಂದಿನ ಗುಳಿಗೆ, ‘ದಿನಾ ತಿಕ್ತಾಳ, ಹಾಯ್ ಅನಸ್ತೈತಿ’, ಕೊನೆಗೆ ‘ಕಿವುಡಿ ಕುಂತಾಳ, ಅಷ್ಟ’. ಅಂಗಡಿಯ ಮುಂದೆ ನಿಂತಿದ್ದ ಗಿರಾಕಿಯೊಬ್ಬರು ತಮಗೆ ಬೇಕಾದ್ದು ಏನೆಂಬುದನ್ನೇ ಮರೆತು ಒಳಗೆ ಇಣುಕಿದರು.

ದೊಡ್ಡಮ್ಮ ಎದ್ದಳು. ಊದಿದ ಮಣಿಕಟ್ಟನ್ನು ಸೆರಗಿಗೆ ಒರೆಸಿಕೊಂಡು, ಗಲ್ಲಾಪೆಟ್ಟಿಗೆಯ ಹಿಂದೆ ಕೈ ಹಾಕಿ, ಗುಳಿಗೆಯ ಪಟ್ಟಿಗಳನ್ನು ಹೊರಗೆಳೆದಳು. ಒಂದೂ ಒಡೆದಿರಲಿಲ್ಲ. ಆಕೆ ಕೂಗಲಿಲ್ಲ. ಕೂಗಿದ್ದರೆ ದೊಡ್ಡಪ್ಪ ಬದುಕುತ್ತಿದ್ದರು.

“ಗೊತ್ತಿದ್ದೂ ತಿಕ್ಕಿಸ್ಕೊಂಡ್ರಿ,” ಅಂದಳು. “ಗೊತ್ತಿದ್ದೂ.”

“ಏ, ಅದು ಏನಾತಂದ್ರ…”

“ನೀವು ಸುಮ್ಕಿರ್ರಿ. ಈ ಹುಡುಗಿ ಕಿವಿ ಹೆಂಗ ಆರಾಮಾತು? ಅದನ್ನ ಹೇಳು ತಂಗಿ,” ಎಂದು ಅವ್ವನ ಕಡೆ ತಿರುಗಿದಳು.

ಅವ್ವ ಹೇಳಿದಳು. ಡಾಕ್ಟರಮ್ಮನನ್ನು, ನೀರನ್ನು, ಮೂಗಿನ ಹಿಂದಿನ ದಾರಿಯನ್ನು, ಹೊಗೆಯನ್ನು, ಪುಗ್ಗಾವನ್ನು. ಲೋಬಾನ ಹಾಕಿದಷ್ಟೂ ಮೂಗು ಕಟ್ಟುತ್ತಿತ್ತು, ಮೂಗು ಕಟ್ಟಿದಷ್ಟೂ ಲೋಬಾನ ಬೀಳುತ್ತಿತ್ತು ಎಂಬುದನ್ನೂ ಹೇಳಿದಳು. ಅತ್ತೆ ತನ್ನ ಕೂಸಿನ ತಲೆಯನ್ನು ಮೆಲ್ಲಗೆ ಮೂಸಿ ನೋಡಿಕೊಂಡಳು.

ಆಗ ಅಪ್ಪ ಕಂಬ ಬಿಟ್ಟು ನಿಂತ. ಹಲ್ಲುಜ್ಜುವ ಹೊತ್ತೂ ಅಲ್ಲ, ಆಕಳಿಕೆಯೂ ಅಲ್ಲ. “ಅಣ್ಣಾ, ನನ್ನ ಮಗಳನ್ನ ಎಲ್ಲಿಗೂ ಕಳಸಂಗಿಲ್ಲ,” ಅಂದ. ಕೈಯಲ್ಲಿ ಬ್ಲೇಡು ಇರಲಿಲ್ಲ, ಆದರೂ ಹೇಳಿದ.

“ಕಳಸಾಕ ಯಾರು ಬಿಡ್ತಾರ?” ಅಂದಳು ದೊಡ್ಡಮ್ಮ. “ಈ ಮನ್ಯಾಗ ಕೇಳೋ ಕಿವಿ ಒಂದಾದ್ರೂ ಬೇಕು ನನಗ. ಸಾಲಿಗೆ ಹೋಗ್ತಾಳ, ಬಂದು ಅಂಗಡ್ಯಾಗ ಕುಂದರ್ತಾಳ. ಬೆಲ್ಲ ಮುರಿದ ಸಪ್ಪಳ ಆದ್ರ ನನಗ ಹೇಳ್ತಾಳ.” ನನ್ನ ಬಟ್ಟೆಯ ಚೀಲವನ್ನು ತಾನೇ ಎತ್ತಿ ಒಳಗಿಟ್ಟಳು. ಬಾಗಿಲಲ್ಲಿ ಒಂದು ಸಲ ತಿರುಗಿ, “ಲೋಬಾನ ಇನ್ನು ಬೀದ್ಯಾಗ ಹಾಕ್ರಿ. ದೇವ್ರು ಬೀದ್ಯಾಗೂ ಅದಾನ.”

ಮರುವಾರ ದೊಡ್ಡಮ್ಮ ದೊಡ್ಡಪ್ಪನನ್ನು ಹರಪನಹಳ್ಳಿಗೆ ಕರೆದುಕೊಂಡು ಹೋದಳು, ಯಾವ ಹರಕೆಯ ನೆಪವನ್ನೂ ಹೇಳದೆ. ಗುಳಿಗೆ ಶುರುವಾಯಿತು, ನಡಿಗೆ ಶುರುವಾಯಿತು, ನವಣೆ ಶುರುವಾಯಿತು. ನಾನು ಊಟದ ಹೊತ್ತಿಗೆ ಸರಿಯಾಗಿ ಅವರ ಎದುರು ಕೂತು ಹೋಳಿಗೆ ತಿನ್ನುತ್ತಿದ್ದೆ. ನಿಧಾನಕ್ಕೆ, ಅಂಚಿನಿಂದ ನಡುವಿಗೆ. ಸಂಜೆ ಅವರು ಬೀದಿಯಲ್ಲಿ ಬಟ್ಟಲು ಹಿಡಿದು ನಿಂತರೆ ಗಾಳಿ ತಿರುಗಿ ಹೊಗೆಯೆಲ್ಲ ಅವರ ಮುಖಕ್ಕೇ ಹೋಗುತ್ತಿತ್ತು. ನಾನು ಒಳಗಿನಿಂದ ಕೂಗುತ್ತಿದ್ದೆ, “ಉಸಿರು ಎಳೀರಿ ದೊಡ್ಡಪ್ಪಾ, ಗಟ್ಟಿ ಎಳೀರಿ!”

ನನಗೆ ಸಹಿಸಲಾಗದ ಒಂದು ಸಂಗತಿಯಿದೆ. ಅವರ ಅಂಗಾಲುರಿ ನಿಧಾನವಾಗಿ ಕಡಿಮೆಯಾಯಿತು. ದೊಡ್ಡಮ್ಮನ ಮಣಿಕಟ್ಟೂ ಇಳಿಯಿತು. ಇಷ್ಟು ವರ್ಷ ಶ್ರದ್ಧೆಯಿಂದ ಸೇಡು ತೀರಿಸಿಕೊಂಡು ನಾನು ಸಾಧಿಸಿದ್ದೇನು? ನನ್ನ ಶತ್ರು ಗಟ್ಟಿಮುಟ್ಟಾಗಿ ಬೆಳಗಾಗೆದ್ದು ಕೆರೆಯವರೆಗೆ ನಡೆದು ಬರುತ್ತಾರೆ. ಕಳೆದ ವರ್ಷ ಎದುರುಮನೆಯ ಮಗುವಿಗೆ ಮೂಗು ಕಟ್ಟಿದಾಗ ಯಾರೋ ಲೋಬಾನ ಕೇಳಿಕೊಂಡು ಅಂಗಡಿಗೆ ಬಂದರು. ದೊಡ್ಡಪ್ಪ ಕೊಡಲಿಲ್ಲ. “ಮೊದ್ಲು ಯಾಕ ಕಟ್ಟೈತಿ ಅಂತ ತೋರಿಸ್ರಿ,” ಅಂದರು, ಡಾಕ್ಟರಮ್ಮನ ಮಾತನ್ನು ತಾವೇ ಕಂಡುಹಿಡಿದವರ ಹಾಗೆ. ನಾನು ಒಳಗೆ ಹಲ್ಲು ಕಡಿದೆ.

ಕ್ಷಮಿಸಿಲ್ಲ. ಕಾವಲು ಕೆಲಸವನ್ನೂ ಬಿಟ್ಟಿಲ್ಲ. ದೊಡ್ಡಪ್ಪ ಈಗ ಬೆಲ್ಲ ಮುರಿಯುವುದಿಲ್ಲ, ಸದ್ದಾಗುತ್ತದೆ. ಪೆಂಟೆಯಿಂದ ಉದುರಿದ ಚೂರನ್ನು ಬೆರಳಿಗೆ ಅಂಟಿಸಿಕೊಂಡು ಬಾಯಲ್ಲಿಟ್ಟು ಚೀಪುತ್ತಾರೆ. ಅದಕ್ಕೆ ಸದ್ದಿಲ್ಲ. ಆದರೆ ಬಾಯಲ್ಲಿ ಬೆಲ್ಲವಿದ್ದಾಗ ಅವರು ಗಿರಾಕಿಗೆ ಉತ್ತರ ಕೊಡುವುದಿಲ್ಲ.

ಮೊನ್ನೆ ಸಂಜೆ ನಾನು ಒಳಗೆ ಓದುತ್ತಿದ್ದೆ. ಹೊರಗೆ ಯಾರೋ, “ಯಜಮಾನ್ರ, ಶೇಂಗಾ ಹೆಂಗ?” ಎಂದು ಕೇಳಿದರು. ಉತ್ತರವಿಲ್ಲ. “ಯಜಮಾನ್ರ?” ಆಗಲೂ ಇಲ್ಲ.

ಪುಸ್ತಕದಿಂದ ತಲೆ ಎತ್ತದೆಯೇ ಕೂಗಿದೆ. “ಉಗುಳ್ರಿ ದೊಡ್ಡಪ್ಪಾ.”

ಚಪ್ಪಲಿ ಎಳೆದ ಸದ್ದು ಬಂತು. ಆಮೇಲೆ ಬೀದಿಯ ಕಡೆಯಿಂದ, ಸಣ್ಣಗೆ, ತುಂಬ ದುಃಖದಿಂದ, ‘ಥೂ’ ಎಂದು ಕೇಳಿಸಿತು.